ಈಜುಡುಗೆಗೆ ಎಂಥ ಬಟ್ಟೆ ತರಬೇಕು? 40 ಮೀಟರ್ ಹಾಳು ಮಾಡಿಕೊಂಡು ಕೇಳುತ್ತಿದ್ದೇನೆ

ಸದಾಶಿವಗಡ ಹೊಲಿಗೆ
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಹತ್ತಿರ ಸದಾಶಿವಗಡದವಳು. ಹನ್ನೆರಡು ವರ್ಷದಿಂದ ಬ್ಲೌಸ್, ಚೂಡಿದಾರ ಹೊಲಿಯುತ್ತಿದ್ದೇನೆ. ಹೋದ ವರ್ಷದಿಂದ ಈಜುಡುಗೆಗೆ ಕೈ ಹಾಕಿದ್ದೇನೆ. ಉದ್ದ ತೋಳು, ಮೊಣಕಾಲು ದಾಟುವ ಪ್ಯಾಂಟ್, ಸೊಂಟದ ಕೆಳಗೆ ಫ್ರಾಕಿನ ಹಾಗೆ ಒಂದು ಚಿಕ್ಕ ಅಂಚು. ನಮ್ಮ ಕಡೆಯ ಹೆಂಗಸರು ಮುಜುಗರ ಇಲ್ಲದೆ ಹಾಕಿಕೊಂಡು ನೀರಿಗೆ ಇಳಿಯಬೇಕು ಅನ್ನುವುದು ನನ್ನ ಆಸೆ. ಸ್ವಂತ ಹೆಸರಿನಲ್ಲೇ ಮಾರಬೇಕು ಅಂತಿದ್ದೇನೆ.

ತೊಂದರೆ ಬಂದಿದ್ದು ಬಟ್ಟೆಯಲ್ಲಿ. ಫೋನಿನಲ್ಲೇ ಮಾತಾಡಿ ಒಬ್ಬ ವ್ಯಾಪಾರಿಯಿಂದ 40 ಮೀಟರ್ ‘ಲೈಕ್ರಾ’ ತರಿಸಿದೆ. ಕೈಗೆ ಬಂದಾಗ ಚೆನ್ನಾಗಿಯೇ ಇತ್ತು. ಹೊಳಪು, ಮೆತ್ತಗೆ. 26 ಸೆಟ್ ಹೊಲಿದೆ. ಅದರಲ್ಲಿ 10 ಗೋಕರ್ಣದ ಪೂಲ್ ಇರುವ ಒಂದು ರೆಸಾರ್ಟಿಗೆ ಹೋಯಿತು. ಎರಡು ತಿಂಗಳು ತುಂಬುವ ಮೊದಲೇ 7 ವಾಪಸ್ ಬಂದವು. ಕಡು ನೀಲಿ ಹೋಗಿ ಬೂದಿ ಬಣ್ಣ ಆಗಿದೆ. ಕೂರುವ ಜಾಗ ಜೋತು ಬಿದ್ದಿದೆ. ಬಟ್ಟೆ ಎಳೆದು ಬೆಳಕಿಗೆ ಹಿಡಿದರೆ ಒಳಗಿನಿಂದ ಸಣ್ಣ ಬಿಳಿ ನೂಲುಗಳು ತುಂಡಾಗಿ ಕೂದಲಿನ ಹಾಗೆ ಎದ್ದು ನಿಂತಿವೆ. ಹಣ ವಾಪಸ್ ಕೊಟ್ಟೆ. ಆದರೆ ಇಲ್ಲೇ ಮಾಜಾಳಿ, ದೇವಬಾಗ ಕಡೆ ಸಮುದ್ರಕ್ಕೆ ಇಳಿಯುವವರು ತಗೊಂಡಿದ್ದು ಈಗಲೂ ಚೆನ್ನಾಗಿದೆ. ಅದೇ ಬಟ್ಟೆ, ಅದೇ ಹೊಲಿಗೆ. ಹಾಗಾದರೆ ನಾನು ಎಲ್ಲಿ ತಪ್ಪಿದೆ?

ಹೊನ್ನಾವರ ಬಟ್ಟೆ ಅಂಗಡಿ
ಫೋನಿನಲ್ಲಿ ಬಟ್ಟೆ ತರಿಸಿದ್ದೇ ತಪ್ಪು ಅಕ್ಕಾ. ಬಟ್ಟೆಯನ್ನು ಕೈಯಿಂದ ಮುಟ್ಟಿ ತಗೊಳ್ಳಬೇಕು.

ಶಿರಸಿ ನಿಟ್ಟಿಂಗ್
ಮುಟ್ಟಿದರೂ ಇದು ಗೊತ್ತಾಗುತ್ತಿರಲಿಲ್ಲ. ಅವರೇ ಹೇಳಿದರಲ್ಲ, ಕೈಗೆ ಚೆನ್ನಾಗಿತ್ತು ಅಂತ. ನಾನು ತಿರುಪ್ಪೂರಿನಲ್ಲಿ ನಿಟ್ಟಿಂಗ್, ಅಂದರೆ ಬಟ್ಟೆ ಹೆಣೆಯುವ ಘಟಕದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಊರಿಗೆ ಬಂದವನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ‘ಲೈಕ್ರಾ’ ಅಂತ ಕೇಳುವುದನ್ನು ಬಿಡಿ. ಲೈಕ್ರಾ ಬಟ್ಟೆಯ ಹೆಸರಲ್ಲ. ಸ್ಪ್ಯಾಂಡೆಕ್ಸ್ ಅನ್ನುವ ಹಿಗ್ಗುವ ನೂಲಿಗೆ ಒಂದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಆ ನೂಲನ್ನು ಕಂಡುಹಿಡಿದರು. ಈಜುಡುಗೆ ಬಟ್ಟೆಯಲ್ಲಿ ಅದು ನೂರಕ್ಕೆ 15ರಿಂದ 20 ಇರುತ್ತದೆ ಅಷ್ಟೇ. ಉಳಿದ 80 ಏನು ಅನ್ನುವುದೇ ಮುಖ್ಯ. ನೈಲಾನೋ, ಪಾಲಿಯೆಸ್ಟರೋ? ನಮ್ಮ ಮಾರುಕಟ್ಟೆಯಲ್ಲಿ ಎಳೆದರೆ ಹಿಗ್ಗುವುದೆಲ್ಲ ಲೈಕ್ರಾ. ಲೆಗ್ಗಿಂಗ್ಸಿನ ಕಾಟನ್ ಬಟ್ಟೆಯನ್ನೂ ಲೈಕ್ರಾ ಅಂತಲೇ ಕೊಡುತ್ತಾರೆ.

ನಿಮ್ಮ ಬಟ್ಟೆಯಲ್ಲಿ ಎದ್ದು ನಿಂತ ಬಿಳಿ ಕೂದಲೇ ಆ ಸ್ಪ್ಯಾಂಡೆಕ್ಸ್. ಅದು ತುಂಡಾಗಿದೆ. ಹಾಗಾಗಿ ಬಟ್ಟೆ ಹಿಗ್ಗಿದರೂ ವಾಪಸ್ ಬರುತ್ತಿಲ್ಲ. ಅದನ್ನು ತಿಂದಿದ್ದು ಪೂಲ್ ನೀರಿನ ಕ್ಲೋರಿನ್. ಸಮುದ್ರದಲ್ಲಿ ಆ ಕ್ಲೋರಿನ್ ಇಲ್ಲ. ಅಲ್ಲಿನವರ ಬಟ್ಟೆ ಉಳಿದಿದ್ದು ಅದಕ್ಕೇ. ನಿಮ್ಮ ಹೊಲಿಗೆಯಲ್ಲಿ ತಪ್ಪಿಲ್ಲ ತಂಗೀ.

ಸದಾಶಿವಗಡ ಹೊಲಿಗೆ
ಅಣ್ಣಾ, ಇಷ್ಟು ದಿನ ನನ್ನ ಹೊಲಿಗೆಯದೇ ತಪ್ಪು ಅಂತ ನಿದ್ದೆ ಮಾಡಿರಲಿಲ್ಲ. ಹಾಗಾದರೆ ನೈಲಾನ್ ತಗೊಳ್ಳಬೇಕಾ, ಪಾಲಿಯೆಸ್ಟರಾ?

ಮುರ್ಡೇಶ್ವರ ಡೈವ್
ನೈಲಾನ್. ಬೇರೆ ಯೋಚನೆಯೇ ಬೇಡ. ನೇತ್ರಾಣಿ ದ್ವೀಪಕ್ಕೆ ಹೋಗುವಾಗ ನಾನು ದಿನಕ್ಕೆ ಆರು ತಾಸು ಮೈಗೆ ಅಂಟುವ ಈಜು ಅಂಗಿ, ಅಂದರೆ ರ‍್ಯಾಶ್ ಗಾರ್ಡ್‌ನಲ್ಲೇ ಇರುತ್ತೇನೆ. ಪಾಲಿಯೆಸ್ಟರ್ ಕಂಕುಳಲ್ಲಿ ಉಜ್ಜುತ್ತದೆ, ಉಪ್ಪು ಸೇರಿದರೆ ಉರಿ. ನೈಲಾನ್ ಚರ್ಮದ ಹಾಗೆ ಕೂರುತ್ತದೆ.

ಕುಮಟಾ ಅಮ್ಮ
ನಾನು ಒಪ್ಪುವುದಿಲ್ಲ ಸರ್. ನನ್ನ ಮಗಳು ಹುಬ್ಬಳ್ಳಿಯಲ್ಲಿ ಓದುತ್ತಾಳೆ. ವಾರಕ್ಕೆ ಐದು ದಿನ ಪೂಲಿನಲ್ಲಿ ಅಭ್ಯಾಸ. ಮೊದಲು ತೆಗೆದುಕೊಟ್ಟ ನೈಲಾನ್ ಸೂಟ್ ಮೂರು ತಿಂಗಳಿಗೆ ತೆಳ್ಳಗಾಗಿ ಒಳಗಿನದು ಕಾಣಲು ಶುರುವಾಯಿತು. ಪಾಪ, ಮಗು ನೀರಿನಿಂದ ಮೇಲೆ ಬರಲು ಹೆದರುತ್ತಿತ್ತು. ಕೋಚ್ ಹೇಳಿದ ಮೇಲೆ ಪಾಲಿಯೆಸ್ಟರ್ ಮತ್ತು ಪಿಬಿಟಿ ಅನ್ನುವ ನೂಲು ಸೇರಿದ ಸೂಟ್ ತಂದೆವು. ಒಂದು ವರ್ಷ ದಾಟಿತು, ಬಣ್ಣ ಕೂಡ ಹೋಗಿಲ್ಲ. ನೀವು ಸಮುದ್ರದವರು, ಅಷ್ಟೇ ನೋಡಿದ್ದೀರಿ.

ಮುರ್ಡೇಶ್ವರ ಡೈವ್
ಇವರು ಕಾರವಾರದಲ್ಲಿ ಮಾರುತ್ತಾರೆ ಅಮ್ಮಾ. ನಮ್ಮಲ್ಲಿ ಇರುವುದು ಸಮುದ್ರ. ಪೂಲ್ ಎಷ್ಟಿದೆ ಹೇಳಿ.

ಕುಮಟಾ ಅಮ್ಮ
ವಾಪಸ್ ಬಂದಿದ್ದೆಲ್ಲ ಪೂಲಿಗೆ ಹೋಗಿದ್ದೇ ಅಲ್ವಾ? ಈಗ ಹೋಂಸ್ಟೇಯಲ್ಲೂ ಪೂಲ್ ಕಟ್ಟುತ್ತಿದ್ದಾರೆ, ಶಿರಸಿ, ಯಲ್ಲಾಪುರ ಕಡೆ ತೋಟದ ನಡುವೆಯೂ ಇದೆ.

ಶಿರಸಿ ನಿಟ್ಟಿಂಗ್
ಇಬ್ಬರು ಹೇಳುವುದೂ ಸರಿ. ನೀರು ಬೇರೆ, ಬಟ್ಟೆ ಬೇರೆ.

ನೈಲಾನ್ ಮೆತ್ತಗೆ, ಗಟ್ಟಿ. ಆದರೆ ತನ್ನ ತೂಕದ ನೂರಕ್ಕೆ 4ರಷ್ಟು ತೇವ ಹೀರುತ್ತದೆ. ಪಾಲಿಯೆಸ್ಟರ್ ಹೀರುವುದು ಅರ್ಧದಷ್ಟೂ ಅಲ್ಲ, 0.4 ಮಾತ್ರ. ಹಾಗಾಗಿ ಬೇಗ ಒಣಗುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಬಿಸಿಲಿಗೂ ಕ್ಲೋರಿನ್‌ಗೂ ಪಾಲಿಯೆಸ್ಟರ್ ಜಾಸ್ತಿ ತಾಳುತ್ತದೆ. ಕುಮಟಾ ಅಮ್ಮ ಹೇಳಿದ ಪಿಬಿಟಿ ಕೂಡ ಪಾಲಿಯೆಸ್ಟರ್ ಜಾತಿಯದೇ. ಅದಕ್ಕೆ ತಾನೇ ಸ್ವಲ್ಪ ಹಿಗ್ಗುವ ಗುಣ ಇದೆ. ಹಾಗಾಗಿ ಸ್ಪ್ಯಾಂಡೆಕ್ಸ್ ಹಾಕದೆಯೇ ನೇಯಬಹುದು, ಕ್ಲೋರಿನ್‌ಗೆ ತಿನ್ನಲು ಏನೂ ಇರುವುದಿಲ್ಲ. ಆದರೆ ಹಿಗ್ಗು ಕಡಿಮೆ. ಅಳತೆ ಒಂದಿಂಚು ತಪ್ಪಿದರೂ ತೋಳು ಏರುವುದಿಲ್ಲ. ಬೇರೆ ಬೇರೆ ಮೈಕಟ್ಟಿನ ಹೆಂಗಸರಿಗೆ ರೆಡಿಮೇಡ್ ಹೊಲಿಯುವಾಗ ಅದು ಕಷ್ಟ.

ಪ್ರಿಂಟ್ ಬೇಕು ಅಂದರೆ ಇನ್ನೊಂದು ವಿಷಯ. ಸಬ್ಲಿಮೇಷನ್ ಪ್ರಿಂಟ್, ಅಂದರೆ ಕಾಗದದ ಬಣ್ಣವನ್ನು ಬಿಸಿಯಿಂದ ಬಟ್ಟೆಗೆ ಇಳಿಸುವುದು, ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಕೂರುತ್ತದೆ, ನೈಲಾನ್ ಮೇಲೆ ಅಲ್ಲ.

ಗೋಕರ್ಣ ಗಾರ್ಡ್
ಕಡಲ ತೀರದಲ್ಲಿ ಜೀವರಕ್ಷಕನಾಗಿ ಕೆಲಸ ಮಾಡಿದವನು ನಾನು. ಬಟ್ಟೆಯ ಪರ್ಸೆಂಟ್ ನನಗೆ ಗೊತ್ತಿಲ್ಲ. ಒಂದು ಮಾತು ಮಾತ್ರ ಕೇಳಿ ಅಕ್ಕಾ. ಕಡು ನೀಲಿ ಬೇಡ. ತಿಳಿ ನೀಲಿ, ಬೂದಿ, ಬಿಳಿ, ಯಾವುದೂ ಬೇಡ. ಅಲೆಯ ನಡುವೆ ಕಾಣುವುದೇ ಇಲ್ಲ. ಮುಳುಗುವವರು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ನಾವು ಕಣ್ಣಿನಿಂದಲೇ ಹುಡುಕಬೇಕು. ಕಿತ್ತಳೆ, ಹೊಳೆಯುವ ಗುಲಾಬಿ, ಗಿಳಿಹಸಿರು ಮಿಶ್ರಿತ ಹಳದಿ, ಇವು ದೂರದಿಂದ ಕಾಣುತ್ತವೆ. ಮಕ್ಕಳದನ್ನು ಹೊಲಿದರೆ ದಯವಿಟ್ಟು ಈ ಬಣ್ಣಗಳಲ್ಲೇ ಹೊಲಿಯಿರಿ.

ಮುರ್ಡೇಶ್ವರ ಡೈವ್
ಇದು ನೂರಕ್ಕೆ ನೂರು ನಿಜ. ಕೆಂಪು ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಆಳಕ್ಕೆ ಹೋದ ಹಾಗೆ ನೀರು ಕೆಂಪನ್ನೇ ಮೊದಲು ನುಂಗುತ್ತದೆ. ಕೆಳಗೆ ಅದು ಕಂದು, ಕಪ್ಪು ಅನ್ನಿಸುತ್ತದೆ. ಫ್ಲೋರೊಸೆಂಟ್ ಬಣ್ಣಗಳು ಉಳಿಯುತ್ತವೆ.

ಹಳೇ ಕಾರವಾರ
ಇಷ್ಟೆಲ್ಲ ಯಾಕೆ ಬೇಕು? ನಮ್ಮ ಅಜ್ಜಿ, ಅಮ್ಮ ಎಲ್ಲ ಸೀರೆಯಲ್ಲೇ ಸಮುದ್ರ ಸ್ನಾನ ಮಾಡಿದವರು. ಸಂಕ್ರಾಂತಿಗೆ ಈಗಲೂ ಮಾಡುತ್ತಾರೆ.

ಗೋಕರ್ಣ ಗಾರ್ಡ್
ದೊಡ್ಡವರ ಮಾತಿಗೆ ಎದುರಾಡಬಾರದು, ಆದರೂ ಹೇಳುತ್ತೇನೆ. ದಡದಲ್ಲಿ ಮೂರು ಮುಳುಗು ಹಾಕುವುದಕ್ಕೆ ಸೀರೆ ಸಾಕು. ಈಜುವುದಕ್ಕಲ್ಲ. ಐದೂವರೆ ಮೀಟರ್ ಹತ್ತಿ ಬಟ್ಟೆ ನೀರು ಕುಡಿದು ಎರಡೂ ಕಾಲಿಗೆ ಸುತ್ತಿಕೊಂಡರೆ ಕಾಲು ಬಡಿಯಲು ಆಗುವುದಿಲ್ಲ. ಚೂಡಿದಾರದ ದುಪಟ್ಟಾ ಕುತ್ತಿಗೆಗೆ ಸುತ್ತಿದ್ದನ್ನು ನಾನೇ ಬಿಡಿಸಿದ್ದೇನೆ. ಈ ಅಕ್ಕ ಮಾಡುತ್ತಿರುವುದು ಒಳ್ಳೆಯ ಕೆಲಸ.

ಹಳೇ ಕಾರವಾರ
ದುಪಟ್ಟಾದ ಮಾತು ಒಪ್ಪಿದೆ. ನನ್ನ ಸೊಸೆಯೂ ಹಾಗೇ ಇಳಿಯುತ್ತಾಳೆ. ಇವತ್ತೇ ಹೇಳುತ್ತೇನೆ.

ತದಡಿ ದೋಣಿ
ನಾನೊಂದು ಕೇಳಲಾ? ವಿದೇಶದಲ್ಲಿ ಹಳೇ ಮೀನು ಬಲೆಯಿಂದಲೇ ಈಜುಡುಗೆ ಬಟ್ಟೆ ಮಾಡುತ್ತಾರೆ ಅಂತ ಓದಿದ್ದೆ. ನಮ್ಮ ಬಂದರಿನಲ್ಲಿ, ಬೈತಖೋಲದಲ್ಲಿ ಹರಿದ ಬಲೆ ರಾಶಿ ಬಿದ್ದಿರುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಆಗ ನಾವೆಲ್ಲ ಬಲೆ ದುರಸ್ತಿಗೇ ಕೂರುತ್ತೇವೆ. ಕತ್ತರಿಸಿ ಎಸೆದ ತುಂಡೇ ಎಷ್ಟೋ. ಅದನ್ನು ಕೊಟ್ಟರೆ ಆಗುವುದಿಲ್ವಾ?

ಅಂಕೋಲಾ ಮೇಷ್ಟ್ರು
ನಾನು ರಸಾಯನಶಾಸ್ತ್ರ ಕಲಿಸುವವನು. ನೀವು ಓದಿದ್ದು ಇಟಲಿಯ ಅಕ್ವಾಫಿಲ್ ಕಂಪನಿಯ ಎಕೊನಿಲ್ ಅನ್ನುವ ನೂಲು ಇರಬೇಕು. 2011ರಿಂದ ಅದು ಇದೆ. ಬಲೆ, ಹಳೇ ಕಾರ್ಪೆಟ್ ಇಂಥವನ್ನು ಸೇರಿಸಿ, ತೊಳೆದು, ರಾಸಾಯನಿಕವಾಗಿ ಒಡೆದು ಕ್ಯಾಪ್ರೊಲ್ಯಾಕ್ಟಮ್ ಅನ್ನುವ ಮೂಲ ವಸ್ತುವಿಗೆ ಇಳಿಸುತ್ತಾರೆ. ಅದರಿಂದ ಮತ್ತೆ ನೈಲಾನ್-6 ಕಟ್ಟುತ್ತಾರೆ. ಹೊಸ ನೈಲಾನಿಗೂ ಅದಕ್ಕೂ ವ್ಯತ್ಯಾಸ ಇರುವುದಿಲ್ಲ. ಆದರೆ ಅದಕ್ಕೆ ದೊಡ್ಡ ಕಾರ್ಖಾನೆಯೇ ಬೇಕು. ಇನ್ನೊಂದು, ನಮ್ಮ ಟ್ರಾಲ್ ಬಲೆಗಳಲ್ಲಿ ಜಾಸ್ತಿ ಪಾಲಿಥಿಲೀನ್. ಅದರಿಂದ ಈ ಬಟ್ಟೆ ಆಗುವುದಿಲ್ಲ. ಬೀಸು ಬಲೆ, ಕಂತು ಬಲೆ ನೈಲಾನ್, ಅವು ಆಗುತ್ತವೆ.

ತದಡಿ ದೋಣಿ
ಹೌದು ಸರ್, ಟ್ರಾಲ್ ಬಲೆ ನೀರಿನಲ್ಲಿ ತೇಲುತ್ತದೆ, ಕಂತು ಬಲೆಯ ನೂಲು ಮುಳುಗುತ್ತದೆ. ಬೇರೆ ಬೇರೆ ಅಂತ ಕೈಗೆ ಗೊತ್ತು, ಹೆಸರು ಗೊತ್ತಿರಲಿಲ್ಲ. ಬೇರ್ಪಡಿಸಿ ಇಡಲು ನಾವು ತಯಾರಿದ್ದೇವೆ. ಕೊಳ್ಳುವವರು ಬರಬೇಕು ಅಷ್ಟೇ.

ಸದಾಶಿವಗಡ ಹೊಲಿಗೆ
ದೋಣಿ ಅಣ್ಣಾ, ಈ ಮಾತು ನನ್ನ ತಲೆಯಲ್ಲಿ ಇರುತ್ತದೆ. ಈಗ ಆ ನೂಲಿನ ಬಟ್ಟೆಯ ಬೆಲೆಗೆ ನನ್ನ ಕೈ ಎಟುಕುವುದಿಲ್ಲ. ಮೇಷ್ಟ್ರೇ, ಬಟ್ಟೆ ಮನೆಯಲ್ಲೇ ಪರೀಕ್ಷೆ ಮಾಡಲು ಆಗುತ್ತದಾ?

ಅಂಕೋಲಾ ಮೇಷ್ಟ್ರು
ಆಗುತ್ತದೆ. ಪೂಲ್ ನೀರಿನಲ್ಲಿ ಲೀಟರಿಗೆ ಸಾಮಾನ್ಯವಾಗಿ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಅದೇ ಹದದಲ್ಲಿ ಪರೀಕ್ಷೆ ಮಾಡಿದರೆ ತಿಂಗಳು ಕಾಯಬೇಕು. ಅಂಗಡಿಯಲ್ಲಿ ಸಿಗುವ ಬಟ್ಟೆಯ ಬ್ಲೀಚ್ ದ್ರಾವಣ ನೋಡಿ. ಬಾಟಲಿಯ ಮೇಲೆ 4% ಸೋಡಿಯಂ ಹೈಪೊಕ್ಲೋರೈಟ್ ಅಂತ ಇದ್ದರೆ, ಒಂದು ಲೀಟರ್ ನೀರಿಗೆ 1 ಮಿ.ಲೀ. ಹಾಕಿ. ಲೀಟರಿಗೆ ಸುಮಾರು 40 ಮಿಲಿಗ್ರಾಂ ಆಯಿತು. ಬಟ್ಟೆಯ ತುಂಡು ಮುಳುಗಿಸಿ, ಮುಚ್ಚಿ, ನೆರಳಿನಲ್ಲಿ ಇಡಿ. ಬಿಸಿಲಿಗೆ ಇಟ್ಟರೆ ಕ್ಲೋರಿನ್ ಬೇಗ ಹೋಗುತ್ತದೆ. ದಿನಾ ನೀರು ಬದಲಿಸಿ. ಹಳೇ ಬಟ್ಟೆಯ ಒಂದು ತುಂಡನ್ನೂ ಜೊತೆಗೆ ಹಾಕಿ, ಹೋಲಿಸಲು ಬೇಕು. ಬ್ಲೀಚಿಗೆ ಬೇರೆ ಯಾವ ಕ್ಲೀನರ್, ಆಸಿಡ್ ಸೇರಿಸಬೇಡಿ. ವಿಷಗಾಳಿ ಬರುತ್ತದೆ.

ಖಚಿತ ವರದಿ ಬೇಕಾದರೆ ಪ್ರಯೋಗಾಲಯಕ್ಕೆ ಕಳಿಸಿ. ಕ್ಲೋರಿನ್ ನೀರಿಗೆ ಬಣ್ಣ ನಿಲ್ಲುತ್ತದಾ ಅನ್ನುವುದಕ್ಕೆ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮ ಐಎಸ್‌ಒ 105-ಇ03, ಸಮುದ್ರದ ನೀರಿಗೆ ಇ02. ಕೊಯಮತ್ತೂರಿನ ಸಿಟ್ರಾ, ಮುಂಬಯಿಯ ಬಿಟ್ರಾ ಇವೆಲ್ಲ ಬಟ್ಟೆ ಸಂಶೋಧನೆಯ ಹಳೇ ಸಂಸ್ಥೆಗಳು.

ಶಿರಸಿ ನಿಟ್ಟಿಂಗ್
ಹಿಗ್ಗು ನೋಡುವ ಕ್ರಮ ನಾನು ಹೇಳುತ್ತೇನೆ. ತುಂಡಿನ ಮೇಲೆ ಪೆನ್ನಿನಿಂದ 10 ಸೆಂಟಿಮೀಟರ್ ದೂರಕ್ಕೆ ಎರಡು ಗುರುತು. ಟೇಪಿನ ಪಕ್ಕ ಹಿಡಿದು 15ರ ತನಕ ಎಳೆಯಿರಿ. ನಿಧಾನಕ್ಕೆ 30 ಎಣಿಸಿ. ಬಿಡಿ. ಒಂದು ನಿಮಿಷ ಮೇಜಿನ ಮೇಲೆ ಸುಮ್ನೆ ಬಿಟ್ಟು ಅಳೆಯಿರಿ. 10ಕ್ಕೆ ಹತ್ತಿರ ಬಂದರೆ ಒಳ್ಳೆಯದು. 10.5 ದಾಟಿದರೆ ನಾನು ಆ ಬಟ್ಟೆ ಮುಟ್ಟುವುದಿಲ್ಲ. ಉದ್ದಕ್ಕೂ ಮಾಡಿ, ಅಡ್ಡಕ್ಕೂ ಮಾಡಿ. ನಾಲ್ಕೂ ಕಡೆ ಹಿಗ್ಗಬೇಕು.

ತೂಕವನ್ನೂ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನುವುದೇ ಜಿಎಸ್‌ಎಂ. ಮೈ ಹಿಡಿಯುವ ಈಜುಡುಗೆಗೆ 180ರಿಂದ 220 ಜಿಎಸ್‌ಎಂ ಬೇಕು. 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ತೂಗಿ, ಬಂದ ಗ್ರಾಮನ್ನು 100ರಿಂದ ಗುಣಿಸಿ. ಅದೇ ಜಿಎಸ್‌ಎಂ.

ಸದಾಶಿವಗಡ ಹೊಲಿಗೆ
ಈಗಷ್ಟೇ ನಮ್ಮ ಓಣಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಹಳೇ ಬಟ್ಟೆ ತೂಗಿಸಿ ಬಂದೆ. ಒಂದೂವರೆ ಗ್ರಾಂ. ಅಂದರೆ 150. ಆ ವ್ಯಾಪಾರಿ 200 ಅಂದಿದ್ದರು. ನಾನು ಕೊಟ್ಟ ದುಡ್ಡು 200ಕ್ಕೆ.

ಹೊನ್ನಾವರ ಬಟ್ಟೆ ಅಂಗಡಿ
ನೋಡಿ, ಮೋಸ ಅಲ್ಲೇ ಆಗಿದೆ. ಬಿಲ್ ಇದ್ದರೆ ಕೇಳಿ.

ಶಿರಸಿ ನಿಟ್ಟಿಂಗ್
ಇನ್ನು ಮೇಲೆ ಕಿಲೋ ಲೆಕ್ಕದಲ್ಲಿ ಮಾತಾಡಿ. ನಿಟ್ ಬಟ್ಟೆ ದೊಡ್ಡ ಮಾರುಕಟ್ಟೆಯಲ್ಲಿ ಬರುವುದು ತೂಕಕ್ಕೆ. ಒಂದೂವರೆ ಮೀಟರ್ ಅಗಲ, 200 ಜಿಎಸ್‌ಎಂ ಅಂದರೆ ಒಂದು ಮೀಟರಿಗೆ 300 ಗ್ರಾಂ. ಕಿಲೋಗೆ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಲೆಕ್ಕ ಕಣ್ಣ ಮುಂದೆ ಇದ್ದರೆ ಯಾರೂ ತೆಳ್ಳಗಿನದನ್ನು ದಪ್ಪ ಅಂತ ಕೊಡಲು ಆಗುವುದಿಲ್ಲ.

ಎಲ್ಲಿ ಕೇಳಬೇಕು ಅಂದರೆ, ಸಿಂಥೆಟಿಕ್ ಬಟ್ಟೆಗೆ ಸೂರತ್. ಆಟದ ಉಡುಪಿನ ನಿಟ್ ಲುಧಿಯಾನದಲ್ಲೂ ಇದೆ. ತಿರುಪ್ಪೂರಿನಲ್ಲಿ ಹತ್ತಿಯೇ ಜಾಸ್ತಿ, ಆದರೂ ಈಗ ಪಾಲಿಯೆಸ್ಟರ್ ಮಾಡುವವರು ಇದ್ದಾರೆ. ನಿಮಗೆ ಬೇಕಾದ ಬಣ್ಣಕ್ಕೆ ಹೊಸದಾಗಿ ಅದ್ದಿಸಲು ಹೋದರೆ ದೊಡ್ಡ ಲಾಟ್, ಅಂದರೆ ಒಂದೇ ಸಲ ಬಣ್ಣಕ್ಕೆ ಅದ್ದಿದ ಬಟ್ಟೆಯ ರಾಶಿ, ತಗೊಳ್ಳಬೇಕಾಗುತ್ತದೆ. ಸದ್ಯ ರೆಡಿ ಸ್ಟಾಕ್ ಕೇಳಿ. ಒಂದೇ ಲಾಟಿನದ್ದು ಬೇಕು ಅಂತ ಒತ್ತಿ ಹೇಳಿ. ಲಾಟ್ ಬದಲಾದರೆ ತೋಳು ಒಂದು ಬಣ್ಣ, ಬೆನ್ನು ಒಂದು ಬಣ್ಣ. ರೋಲ್ ಬಂದ ಕೂಡಲೇ ಕತ್ತರಿಸಬೇಡಿ. ಬಿಚ್ಚಿ ಒಂದು ದಿನ ಮೇಜಿನ ಮೇಲೆ ಬಿಡಿ. ಸುತ್ತಿದ ಎಳೆತ ಬಿಟ್ಟು ಬಟ್ಟೆ ತನ್ನ ಅಳತೆಗೆ ಬರಲಿ.

ಹೊನ್ನಾವರ ಬಟ್ಟೆ ಅಂಗಡಿ
ಬೆಲೆ ಇಡುವಾಗ ಜಿಎಸ್‌ಟಿ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು ₹2,500ರ ತನಕ 5%, ಅದಕ್ಕಿಂತ ಮೇಲೆ ಹೋದರೆ 18%.

ದಾಂಡೇಲಿ ರಾಫ್ಟ್
ಕಾಳಿ ನದಿಯಲ್ಲಿ ರಾಫ್ಟಿಂಗಿಗೆ ಬರುವ ಹೆಂಗಸರು ಲೆಗ್ಗಿಂಗ್ಸ್ ಹಾಕಿಕೊಂಡು ಬಂದು ದಿನವಿಡೀ ಒದ್ದೆಯಲ್ಲಿ ನಡುಗುತ್ತಾರೆ. ನಿಮ್ಮ ಸೆಟ್ ಇಲ್ಲಿಗೂ ಬೇಕು. ಇಲ್ಲಿ ಕ್ಲೋರಿನ್ನೂ ಇಲ್ಲ, ಉಪ್ಪೂ ಇಲ್ಲ. ಬಂಡೆಗೆ ಉಜ್ಜಿದರೆ ಹರಿಯಬಾರದು, ಅಷ್ಟೇ.

ಕುಮಟಾ ಅಮ್ಮ
ಒಳಪದರ ಮರೆಯಬೇಡಿ ತಂಗೀ. ಎದೆಗೆ, ಕೂರುವ ಜಾಗಕ್ಕೆ ಎರಡು ಪದರ ಕೊಡಿ. ಒಳಗೆ ಕಾಟನ್ ಹಾಕಬೇಡಿ, ನೀರು ಹಿಡಿದು ಭಾರ ಆಗುತ್ತದೆ. ತಿಳಿ ಬಣ್ಣ ಆದರೆ ಬಟ್ಟೆ ಒದ್ದೆ ಮಾಡಿ ಅಂಗೈ ಮೇಲೆ ಎಳೆದು ನೋಡಿ. ಕೈಗೆರೆ ಕಂಡರೆ ಬೇಡ. ಅಂಗಡಿಯಲ್ಲಿ ಒಣಗಿದ್ದಾಗ ಯಾವುದೂ ಕಾಣುವುದಿಲ್ಲ.

ಸದಾಶಿವಗಡ ಹೊಲಿಗೆ
ಒಂದು ಅನುಮಾನ. ಸಮುದ್ರಕ್ಕೆ ಹೋಗುವವರದ್ದು ಚೆನ್ನಾಗಿದೆ ಅಂದೆನಲ್ಲ, ಅದರಲ್ಲಿ ಎರಡರ ಕುತ್ತಿಗೆ ಪಟ್ಟಿಯಲ್ಲಿ ತುಕ್ಕಿನ ಹಾಗೆ ಕೆಂಚು ಕಲೆ ಬಿದ್ದಿದೆ. ಉಪ್ಪಿಗೆ ಹಾಗಾಗುತ್ತದಾ?

ಅಂಕೋಲಾ ಮೇಷ್ಟ್ರು
ಅವರು ಸನ್‌ಸ್ಕ್ರೀನ್ ಹಚ್ಚುತ್ತಾರಾ? ಬಟ್ಟೆ ಬಾವಿ ನೀರಿನಲ್ಲಿ ತೊಳೆಯುತ್ತಾರಾ?

ಸದಾಶಿವಗಡ ಹೊಲಿಗೆ
ಎರಡೂ ಹೌದು.

ಅಂಕೋಲಾ ಮೇಷ್ಟ್ರು
ಹಾಗಾದರೆ ಅದೇ. ಹಲವು ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆನ್ಝೋನ್ ಅನ್ನುವ, ಬಿಸಿಲು ತಡೆಯುವ ರಾಸಾಯನಿಕ ಇರುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅದರ ಜೊತೆ ಸೇರಿ ತುಕ್ಕಿನ ಬಣ್ಣ ಬರುತ್ತದೆ. ನಮ್ಮದು ಜಂಬಿಟ್ಟಿಗೆ ನೆಲ, ಎಷ್ಟೋ ಬಾವಿಗಳಲ್ಲಿ ಕಬ್ಬಿಣ ಇದೆ. ಬ್ಲೀಚ್ ಹಾಕಿ ತೆಗೆಯಲು ಹೋಗಬೇಡಿ, ಕಲೆ ಇನ್ನೂ ಕೂರುತ್ತದೆ. ಲಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಲಿ. ಕಬ್ಬಿಣದ ಕಲೆಗೆ ಹುಳಿ ಬೇಕು.

ಸದಾಶಿವಗಡ ಹೊಲಿಗೆ
ಹನ್ನೆರಡು ದಿನ ಆಯಿತು, ಹೇಳಿದ್ದನ್ನೆಲ್ಲ ಮಾಡಿ ಬರೆಯುತ್ತಿದ್ದೇನೆ.

ಮೂರು ಕಡೆಯಿಂದ ಸ್ಯಾಂಪಲ್ ತರಿಸಿದೆ. ಪರ್ಸೆಂಟ್, ಜಿಎಸ್‌ಎಂ ಬರೆದುಕೊಡಿ ಅಂದ ಕೂಡಲೇ ಒಬ್ಬರು ಫೋನ್ ಎತ್ತುವುದೇ ಬಿಟ್ಟರು. ಉಳಿದದ್ದು ಎರಡು. ಒಂದು ನೈಲಾನ್ 80, ಸ್ಪ್ಯಾಂಡೆಕ್ಸ್ 20. ಇನ್ನೊಂದು ಪಾಲಿಯೆಸ್ಟರ್ 82, ಸ್ಪ್ಯಾಂಡೆಕ್ಸ್ 18. ಅಕ್ಕಸಾಲಿಗರಲ್ಲಿ ತೂಗಿಸಿದೆ. 190 ಒಂದು, 205 ಇನ್ನೊಂದು. ಹೇಳಿದ್ದಕ್ಕೂ ತೂಗಿದ್ದಕ್ಕೂ ಸರಿಹೋಯಿತು.

ಮೂರು ಸ್ಟೀಲ್ ಡಬ್ಬಿ ಬೇಡ ಅಂತ ಗಾಜಿನ ಉಪ್ಪಿನಕಾಯಿ ಭರಣಿ ತಗೊಂಡೆ. ಮೇಷ್ಟ್ರು ಹೇಳಿದ ಹದದಲ್ಲಿ ಬ್ಲೀಚ್ ನೀರು. ದಿನಾ ಬೆಳಿಗ್ಗೆ ಬದಲಿಸಿದೆ. ಐದನೇ ದಿನ ಹಳೇ ಬಟ್ಟೆಯ ನೀಲಿ ಹೋಯಿತು. ಎಂಟನೇ ದಿನ ತೊಳೆದು ಒಣಗಿಸಿ ಎಳೆದು ಅಳೆದೆ. ಹಳೇದು 10ರಿಂದ 11.4ಕ್ಕೆ ಹೋಗಿ ಅಲ್ಲೇ ನಿಂತಿತು. ನೈಲಾನ್ 10.6, ಬಣ್ಣ ಸ್ವಲ್ಪ ಮಾಸಿದೆ. ಪಾಲಿಯೆಸ್ಟರ್ 10.3, ಬಣ್ಣ ಹಾಗೇ ಇದೆ. ಉಪ್ಪು ನೀರಿನ ಭರಣಿಯನ್ನೂ ಇಟ್ಟಿದ್ದೆ. ಅದರಲ್ಲಿ ಮೂರೂ ಚೆನ್ನಾಗಿವೆ.

ಹಾಗಾಗಿ ಪೂಲ್ ಇರುವಲ್ಲಿಗೆ ಪಾಲಿಯೆಸ್ಟರ್, ಸಮುದ್ರಕ್ಕೆ, ಡೈವಿಂಗಿಗೆ ನೈಲಾನ್. ಒಳಗಿನ ಚೀಟಿಯಲ್ಲಿ ಯಾವ ನೀರಿಗೆ ಅಂತ ಕನ್ನಡದಲ್ಲೇ ಬರೆಯುತ್ತೇನೆ. ತಲಾ 10 ಕಿಲೋ ಹೇಳಿದ್ದೇನೆ. ಬಣ್ಣ ಕಿತ್ತಳೆ ಮತ್ತು ಗುಲಾಬಿ. ರೆಸಾರ್ಟಿನವರಿಗೆ ಭರಣಿಯ ಫೋಟೋ ಕಳಿಸಿದೆ, ಮತ್ತೆ 6 ಸೆಟ್ ನೋಡೋಣ ಅಂದಿದ್ದಾರೆ.

ಮುರ್ಡೇಶ್ವರ ಡೈವ್
ಕುಮಟಾ ಅಮ್ಮಾ, ಪೂಲಿನ ವಿಷಯದಲ್ಲಿ ನೀವೇ ಸರಿ.

ಕುಮಟಾ ಅಮ್ಮ
ಸಮುದ್ರದ್ದು ನಿಮಗೇ ಬಿಟ್ಟೆ. ತಂಗೀ, ಹೊಲಿಗೆಗೆ ಹತ್ತಿ ದಾರ ಹಾಕಬೇಡಿ, ಬಟ್ಟೆ ಹಿಗ್ಗಿದರೆ ಪಟಪಟ ಕಡಿಯುತ್ತದೆ.

ಸದಾಶಿವಗಡ ಹೊಲಿಗೆ
ಪಾಲಿಯೆಸ್ಟರ್ ದಾರ, ಮೊಂಡು ತುದಿಯ ಸೂಜಿ ಎರಡೂ ತಂದಾಯಿತು ಅಕ್ಕಾ.

ಹಳೇ ಕಾರವಾರ
ನನ್ನ ಸೊಸೆಗೆ ಒಂದು, ಹೆಂಡತಿಗೆ ಒಂದು ಬೇಕು. ಇಬ್ಬರೂ ಸಮುದ್ರಕ್ಕೇ ಹೋಗುವವರು. ಹೆಂಡತಿಗೆ 63 ವರ್ಷ, ಮೊಣಕಾಲು ನೋವು, ಎಳೆದು ಹಾಕಿಕೊಳ್ಳಲು ಆಗುವುದಿಲ್ಲ. ಮುಂದೆ ಜಿಪ್ ಇಟ್ಟು ಕೊಡಲು ಆಗುತ್ತದಾ?

ಸದಾಶಿವಗಡ ಹೊಲಿಗೆ
ಆಗುತ್ತದೆ ಕಾಕಾ. ಪ್ಲಾಸ್ಟಿಕ್ ಹಲ್ಲಿನ ಜಿಪ್ ಹಾಕುತ್ತೇನೆ, ತುಕ್ಕು ಹಿಡಿಯುವುದಿಲ್ಲ. ಪ್ಯಾಂಟಿನ ಕಾಲನ್ನೂ ಸ್ವಲ್ಪ ಸಡಿಲ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಕಾರವಾರಕ್ಕೆ ಬರುವುದಿದೆ, ಕಾಕಿಯ ಅಳತೆ ಮನೆಗೇ ಬಂದು ತಗೊಳ್ಳುತ್ತೇನೆ.